ರಾಷ್ಟ್ರೀಯ ವಿಮಾನ ಸಂಸ್ಥೆ: ಉಳಿಸಿಕೊಳ್ಳುವುದೋ, ಮಾರುವುದೋ?

ಟಿಕೆಟ್ ಹಣ ಸ್ಥಳೀಯ ನಾಣ್ಯದಲ್ಲಿ ಬಂದರೂ ವಿಮಾನದ ಬಾಡಿಗೆ, ಬಿಡಿಭಾಗಗಳ ವೆಚ್ಚ ಬಹುಪಾಲು ಡಾಲರಿನಲ್ಲಿ ಹೋಗುವುದರಿಂದ, ನಾಣ್ಯ ಕುಸಿದ ದೇಶದಲ್ಲಿ ವಿಮಾನ ಸಂಸ್ಥೆ ಪ್ರಯಾಣಿಕರಿದ್ದೂ ನಷ್ಟಕ್ಕೆ ಜಾರುತ್ತದೆ. ಸರ್ಕಾರವೇ ಅದನ್ನು ಉಳಿಸಿಕೊಂಡರೆ ಲಾಭವಿಲ್ಲದ ದೂರದ ಊರುಗಳಿಗೂ ಹಾರಾಟ ಮುಂದುವರಿಯಬಹುದು. ಆದರೆ ಆ ನಷ್ಟ ತುಂಬುವ ನೆರವು ಶಾಲೆ, ಆಸ್ಪತ್ರೆಗಳನ್ನು ನಡೆಸುವ ಬೊಕ್ಕಸದಿಂದಲೇ ಬರಬೇಕು. ಇಟಲಿಯ ಅಲಿಟಾಲಿಯಾ ಪದೇ ಪದೇ ನೆರವು ಪಡೆದೂ 2021ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು.

ಮಾರಾಟದಿಂದಲೂ ದೊಡ್ಡ ಮೊತ್ತ ಕೈಸೇರದು. ಏರ್ ಇಂಡಿಯಾಕ್ಕೆ ಟಾಟಾ ಸಮೂಹ ಒಪ್ಪಿದ 18,000 ಕೋಟಿ ರೂಪಾಯಿಯಲ್ಲಿ ನಗದು 2,700 ಕೋಟಿ ಮಾತ್ರ. ಉಳಿದದ್ದು ಖರೀದಿದಾರರು ಹೊತ್ತ ಸಾಲ. ಆದರೂ ವರ್ಷವರ್ಷದ ನಷ್ಟ ನಿಲ್ಲುವುದೇ ದೊಡ್ಡ ಗಳಿಕೆಯಾದ್ದರಿಂದ ಬಡವಾದ ಬೊಕ್ಕಸಕ್ಕೆ ಮಾರಾಟವೇ ಮೇಲೆಂದು ನನ್ನ ಅಭಿಪ್ರಾಯ; ದೂರದ ಊರುಗಳ ಹಾರಾಟಕ್ಕೆ ಮಾತ್ರ ಪ್ರತ್ಯೇಕ ಗುತ್ತಿಗೆ ಕರೆದು ಸಹಾಯಧನ ಕೊಡಬೇಕು.