ಚೀನಾದ ಡ್ರ್ಯಾಗನ್ ಡಾಲರ್ ಕೊಳ್ಳುವವರ ಗಮನಕ್ಕೆ

ದಕ್ಷಿಣ ಚೀನಾದ ಕ್ವಾಂಗ್‌ಟುಂಗ್ ಪ್ರಾಂತ್ಯದ, ಡ್ರ್ಯಾಗನ್ ಚಿತ್ರವಿರುವ ಹಳೆಯ ಬೆಳ್ಳಿ ಡಾಲರ್ ಎಂದು ಹೇಳಿ ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬರು ನನಗೆ ಮಾರಿದ್ದು ಬೆಳ್ಳಿಯ ಲೇಪ ಕೊಟ್ಟ ಹಿತ್ತಾಳೆಯ ಬಿಲ್ಲೆ. ಹಣ ವಾಪಸ್ ಕೇಳಿದಾಗ, ‘ಹಳೇ ಸಾಮಾನಿಗೆ ಗ್ಯಾರಂಟಿ ಇರೋದಿಲ್ಲ ಸಾರ್’ ಎಂಬ ಉತ್ತರ ಬಂದಿತು. ಅಂಥವೇ ನಾಣ್ಯಗಳು ಅವರ ಗಾಜಿನ ಪೆಟ್ಟಿಗೆಯಲ್ಲಿ ಇನ್ನೂ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಚೀನಾದಲ್ಲಿ ಬೆಳ್ಳಿ ಬಹುಕಾಲ ಗಟ್ಟಿಗಳ ರೂಪದಲ್ಲಿ, ತೂಕದ ಲೆಕ್ಕದಲ್ಲಿ ಚಲಾವಣೆಯಾಗುತ್ತಿತ್ತು; ಬಂದರುಗಳಲ್ಲಿ ಮೆಕ್ಸಿಕೋದ ಡಾಲರುಗಳದೇ ಕಾರುಬಾರು. ಅವುಗಳಿಗೆ ಪೈಪೋಟಿಯಾಗಿ ಝಾಂಗ್ ಝಿಡಾಂಗ್ ಎಂಬ ಪ್ರಾಂತ್ಯಾಧಿಕಾರಿ ಬರ್ಮಿಂಗ್‌ಹ್ಯಾಮ್‌ನಿಂದ ಯಂತ್ರಗಳನ್ನು ತರಿಸಿ, 1889ರಲ್ಲಿ ಕ್ವಾಂಗ್‌ಟುಂಗ್‌ನ ರಾಜಧಾನಿ ಕ್ಯಾಂಟನ್ನಿನ ಟಂಕಸಾಲೆಯನ್ನು ಆರಂಭಿಸಿದರು. ಡ್ರ್ಯಾಗನ್ ಇರುವ ಬದಿಯಲ್ಲಿ ‘7 ಮೇಸ್ 2 ಕ್ಯಾಂಡರೀನ್’ ಎಂದು ಇಂಗ್ಲಿಷ್‌ನಲ್ಲಿರುತ್ತದೆ. ಇವು ಚೀನಾದ ಹಳೆಯ ತೂಕಗಳು: ಸುಮಾರು 37.3 ಗ್ರಾಂ ತೂಗುವ ಟೇಲ್‌ನ ಹತ್ತನೇ ಒಂದು ಪಾಲು ಮೇಸ್, ನೂರನೇ ಒಂದು ಪಾಲು ಕ್ಯಾಂಡರೀನ್. ಅಂದರೆ ನಾಣ್ಯದ ತೂಕ ಟೇಲ್‌ನ ನೂರರಲ್ಲಿ 72 ಪಾಲು, ಸುಮಾರು 26.9 ಗ್ರಾಂ, ಅದರಲ್ಲಿ ಬೆಳ್ಳಿ ಶೇಕಡಾ 90.

ನನ್ನ ಬಿಲ್ಲೆಯ ತೂಕ ಸರಿಯಾಗಿಯೇ ಇತ್ತು, ಮೋಸದ ಮರ್ಮವೂ ಅಲ್ಲಿಯೇ. ಹಿತ್ತಾಳೆ ಬೆಳ್ಳಿಗಿಂತ ಹಗುರವಾದ್ದರಿಂದ ಬಿಲ್ಲೆಯನ್ನು ತುಸು ದಪ್ಪ ಮಾಡಿದರೆ ತಕ್ಕಡಿ ಒಪ್ಪಿಕೊಳ್ಳುತ್ತದೆ. ಆಯಸ್ಕಾಂತಕ್ಕೆ ಹಿತ್ತಾಳೆಯೂ ಅಂಟುವುದಿಲ್ಲ. ಒರೆಗಲ್ಲಿಗೆ ಮೆಲ್ಲಗೆ ಉಜ್ಜಿದರೆ ಸಿಗುವುದು ಮೇಲಿನ ಲೇಪ ಮಾತ್ರ. ಹಿಂದೆ ಬೆಳ್ಳಿಯನ್ನು ಪರೀಕ್ಷಿಸಿದ ವರ್ತಕರು ನಾಣ್ಯದ ಮೇಲೆ ತಮ್ಮ ಪುಟ್ಟ ಮುದ್ರೆಯನ್ನು ಒತ್ತುತ್ತಿದ್ದರು. ‘ನೋಡಿ, ಚೀನೀ ಸಾಹುಕಾರರೇ ಪಾಸ್ ಮಾಡಿದ್ದಾರೆ’ ಎಂದು ವ್ಯಾಪಾರಿ ತೋರಿಸಿದ್ದು ಅಂಥ ಮುದ್ರೆಗಳನ್ನೇ. ನಕಲು ಮಾಡುವವನಿಗೆ ಅದನ್ನು ಒತ್ತುವುದೇನು ಮಹಾ ಕಷ್ಟ!

ಗುಟ್ಟು ರಟ್ಟಾದದ್ದು ನೀರಿನಲ್ಲಿ. ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನು; ದಪ್ಪ ಬಿಲ್ಲೆ ಹೆಚ್ಚು ನೀರನ್ನು ಸರಿಸುತ್ತದೆ. ಅಸಲಿಯಾದರೆ ತಕ್ಕಡಿ ಸುಮಾರು 2.6 ಗ್ರಾಂ ತೋರಿಸುತ್ತದೆ. ನನ್ನದು ತೋರಿಸಿದ್ದು 3.1. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಡ್ರ್ಯಾಗನ್ನಿನ ಹುರುಪೆಗಳು ಒಂದಕ್ಕೊಂದು ಕಲೆತುಹೋಗಿದ್ದವು. ಅಕ್ಷರಗಳ ಸುತ್ತ ಎರಕದ ಸೂಜಿಮೊನೆಯಂಥ ಗುಳಿಗಳಿದ್ದವು.

1895ರಿಂದ ಮುಂಬಯಿ ಟಂಕಸಾಲೆಯಲ್ಲಿ ಪೂರ್ವದೇಶಗಳ ವ್ಯಾಪಾರಕ್ಕೆಂದೇ ಅಚ್ಚಾದ ಬ್ರಿಟಿಷ್ ಡಾಲರಿಗೂ ನಕಲುಗಳಿವೆ. ಅದರ ತೂಕ, ಬೆಳ್ಳಿಯ ಪ್ರಮಾಣಗಳು ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ ನೀರಿನ ಪರೀಕ್ಷೆ ಅಲ್ಲಿಯೂ ನಡೆಯುತ್ತದೆ. ಹಣ ಕೊಡುವ ಮೊದಲೇ ವ್ಯಾಪಾರಿಯನ್ನು ಈ ಪರೀಕ್ಷೆಗೆ ಒಪ್ಪಿಸಿ, ನಾಣ್ಯದ ಹೆಸರು, ಲೋಹ ಮತ್ತು ನಕಲಿಯಾದರೆ ಹಿಂಪಡೆಯುವ ಷರತ್ತನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ನನ್ನ ರಸೀದಿಯಲ್ಲಿ ‘ಹಳೆಯ ನಾಣ್ಯ, ಒಂದು’ ಎಂದಷ್ಟೇ ಇದ್ದುದರಿಂದ ದೂರು ಕೊಡಲು ಆಧಾರವೇ ಸಿಗಲಿಲ್ಲ.