ಬೆಟಾಡಿನ್: ಸ್ತನ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಎಷ್ಟು ಉಪಯೋಗ?

ಈ ಕಂದು ಔಷಧ ಇಟ್ಟಿರದ ಮೆಡಿಕಲ್ ಶಾಪ್ ಸಿಗುವುದು ಕಷ್ಟ. ಹಾಗಾಗಿಯೇ ಸ್ತನಕ್ಕೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡವರು ಹೊಲಿಗೆಯ ಸುತ್ತ ಸ್ವಲ್ಪ ಕೆಂಪಾದರೂ ಮೊದಲು ಕೈ ಚಾಚುವುದು ಬೆಟಾಡಿನ್‌ಗೆ. ಔಷಧ ಒಳ್ಳೆಯದೇ. ಆದರೆ ಅದರ ನಿಜವಾದ ಕೆಲಸ ನಡೆಯುವುದು ಆಪರೇಷನ್ ಥಿಯೇಟರಿನಲ್ಲಿ, ಇಂಪ್ಲಾಂಟ್ ಒಳಗೆ ಹೋಗುವ ಮುಂಚೆ.

ಅಂಗಡಿಯಲ್ಲಿ 5% ಮತ್ತು 10% ದ್ರಾವಣ, 7.5% ಸರ್ಜಿಕಲ್ ಸ್ಕ್ರಬ್, ಮುಲಾಮು ಎಲ್ಲವೂ ಸಿಗುತ್ತವೆ. ಸ್ಕ್ರಬ್‌ನಲ್ಲಿ ಸೋಪಿನಂಥ ಡಿಟರ್ಜೆಂಟ್ ಇರುವುದರಿಂದ ಅದು ಕೈ ಮತ್ತು ಚರ್ಮ ತೊಳೆಯುವುದಕ್ಕೆ ಮಾತ್ರ, ಗಾಯದೊಳಗೆ ಹೋಗಕೂಡದು.

ಥಿಯೇಟರಿನಲ್ಲಿ ಬಳಸುವ ಪ್ರಸಿದ್ಧ ಮಿಶ್ರಣ ಹೀಗಿದೆ: 500 ಮಿ.ಲೀ. ನಾರ್ಮಲ್ ಸಲೈನ್‌ಗೆ 50 ಮಿ.ಲೀ. ಪೊವಿಡೋನ್ ಅಯೋಡಿನ್ (ಬೆಟಾಡಿನ್‌ನಲ್ಲಿರುವ ಔಷಧ ಇದೇ), ಜೊತೆಗೆ ಎರಡು ಆ್ಯಂಟಿಬಯೋಟಿಕ್: 1 ಗ್ರಾಂ ಸೆಫಜೋಲಿನ್, 80 ಮಿ.ಗ್ರಾಂ ಜೆಂಟಾಮೈಸಿನ್. ಇಂಪ್ಲಾಂಟ್ ಕೂರುವ ಪಾಕೆಟ್ ಅನ್ನು ಇದರಿಂದ ತೊಳೆಯುತ್ತಾರೆ. ಚರ್ಮದ ಮೇಲೆ, ಮೊಲೆತೊಟ್ಟಿನ ಹಾಲಿನ ನಾಳಗಳಲ್ಲಿ ಸದಾ ಇರುವ ಸ್ಟೆಫೈಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾ ಸಿಲಿಕೋನ್‌ಗೆ ಅಂಟಿ ಬಯೋಫಿಲ್ಮ್ (ತಮ್ಮನ್ನು ಕಾಪಾಡಿಕೊಳ್ಳುವ ಲೋಳೆಯ ಪದರ) ಕಟ್ಟಿಕೊಂಡರೆ, ಆಮೇಲೆ ಯಾವ ಆ್ಯಂಟಿಬಯೋಟಿಕ್ಕೂ ಅದನ್ನು ಪೂರ್ತಿ ಕಿತ್ತುಹಾಕುವುದು ಕಷ್ಟ. ಆದ್ದರಿಂದ ಅಂಟುವ ಮೊದಲೇ ಕೊಲ್ಲಬೇಕು. ತೊಟ್ಟಿಗೆ ಪ್ಲಾಸ್ಟಿಕ್ ಫಿಲ್ಮ್ ಅಂಟಿಸುವುದು, ಇಂಪ್ಲಾಂಟ್ ಮುಟ್ಟುವ ಮುಂಚೆ ಗ್ಲೌಸ್ ಬದಲಿಸುವುದು ಕೂಡ ಇದೇ ಕಾರಣಕ್ಕೆ. ಕನ್ಸಲ್ಟೇಶನ್‌ನಲ್ಲೇ ಇವುಗಳ ಬಗ್ಗೆ ಸರ್ಜನ್‌ರನ್ನು ಕೇಳಿ, ಸಂಕೋಚ ಬೇಡ.

ಇಂಪ್ಲಾಂಟ್‌ನ ಹೊದಿಕೆ ಹಾಳಾದೀತೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ದಲ್ಲಿ ಬೆಟಾಡಿನ್ ತಾಗಿಸುವುದಕ್ಕೆ ತಡೆ ಹಾಕಿತ್ತು. ಅಲರ್ಗನ್ ಕಂಪನಿಯ ಇಂಪ್ಲಾಂಟ್‌ಗಳ ಮಟ್ಟಿಗೆ 2017ರಲ್ಲಿ ಆ ತಡೆ ಹೋಯಿತು.

ಮನೆಯ ಬಳಕೆಗೆ ಮಾತ್ರ ನಾವು ಅಂಕ ಕೊಡಲಾರೆವು. ಹತ್ತಿಯಲ್ಲಿ ಅದ್ದಿ ಬಳಿದರೆ ಹೊಲಿಗೆಯಿಂದ ಬೆರಳಗಲದಷ್ಟು ಚರ್ಮ ಕಂದಾಗಿ, ಕೆಂಪು ಎಲ್ಲಿಗೆ ಮುಗಿಯುತ್ತದೆ ಎಂಬುದೇ ಕಾಣುವುದಿಲ್ಲ. ಕಾಣಬೇಕಾದ್ದು ಅದೇ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಫೋಟೊ ತೆಗೆದು ಸರ್ಜನ್‌ಗೆ ಕಳಿಸಿ. ಗೆರೆ ದಾಟಿ ಹರಡಿದರೆ ಅದೇ ದಿನ ಹೋಗಿ. ಚರ್ಮಕ್ಕೆ ಅಂಟು ಹಾಕಿ ಮುಚ್ಚಿದ್ದರೆ ದ್ರಾವಣ, ಮುಲಾಮು ಎರಡರಿಂದಲೂ ಅಂಟು ಸಡಿಲವಾಗುತ್ತದೆ. ಕೆಲವರಿಗೆ ಬಳಿದಷ್ಟೇ ಜಾಗದಲ್ಲಿ ತುರಿಕೆ, ಗುಳ್ಳೆ ಏಳುತ್ತವೆ. ಅದು ಅಲರ್ಜಿ ಇರಬಹುದು, ಅದನ್ನೇ ಸೋಂಕು ಎಂದುಕೊಂಡು ಇನ್ನಷ್ಟು ಬಳಿಯುತ್ತಾರೆ. ಥೈರಾಯ್ಡ್ ತೊಂದರೆ ಇರುವವರು ಪದೇ ಪದೇ ಹಚ್ಚಲೇಬಾರದು.

ಸೋಂಕು ಪಾಕೆಟ್‌ನೊಳಗೆ ಇದ್ದರೆ ಹೊರಗೆ ಹಚ್ಚಿದ್ದು ಅಲ್ಲಿಗೆ ತಲುಪುವುದೇ ಇಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಒಂದೇ ಬದಿಯ ಊತ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ಹೊಲಿಗೆಯಿಂದ ದ್ರವ: ಇವು ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು. ಅಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿಯಿಂದ ದ್ರವ ತೆಗೆಯಬೇಕು, ಕುರುಡಾಗಿ ಚುಚ್ಚಿದರೆ ಇಂಪ್ಲಾಂಟ್ ತೂತಾಗಬಹುದು. ಸಾಧ್ಯವಾದಷ್ಟೂ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ಸ್ಯಾಂಪಲ್ ತೆಗೆದ ಮೇಲೆ ಆ್ಯಂಟಿಬಯೋಟಿಕ್ ಶುರುವಾಗಲಿ. ಮನೆಯಲ್ಲಿ ಉಳಿದ ಮಾತ್ರೆ ನುಂಗಿ ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಚರ್ಮದ ಸಣ್ಣ ಸೋಂಕು ಮಾತ್ರೆಗೆ ಬಗ್ಗುತ್ತದೆ, ಒಂದೆರಡು ದಿನದಲ್ಲಿ ಬಗ್ಗದಿದ್ದರೆ ಅಥವಾ ಜ್ವರ ಇದ್ದರೆ ರಕ್ತನಾಳದ ಮೂಲಕ ಕೊಡಬೇಕು. ಕೀವು ತುಂಬಿದ್ದರೆ ಇಂಪ್ಲಾಂಟ್ ತೆಗೆದು, ಸಾಮಾನ್ಯವಾಗಿ 3ರಿಂದ 6 ತಿಂಗಳು ಬಿಟ್ಟು ಹೊಸದು. ಆಗಲೇ ಹೊಸದನ್ನು ಹಾಕುವುದು ಸೌಮ್ಯ ಸೋಂಕಿನ, ಆಯ್ದ ರೋಗಿಗಳಿಗೆ ಮಾತ್ರ.

ಇನ್ನೊಂದು ಮುಖ್ಯ ವಿಷಯ. ಸರ್ಜರಿಯಾಗಿ ವಾರಗಳ ನಂತರ, ಜ್ವರವಿಲ್ಲದೆ, ಹೊಲಿಗೆಯಿಂದ ತೆಳ್ಳಗೆ ನೀರು ಜಿನುಗುತ್ತಿದ್ದು, ಕಲ್ಚರ್ ರಿಪೋರ್ಟ್ ‘ಏನೂ ಬೆಳೆದಿಲ್ಲ’ ಎಂದರೆ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಂ, ಕೆಲೋನೆಯಂಥ, ಟಿಬಿ ರೋಗಾಣುವಿನ ಬಳಗದ ಬ್ಯಾಕ್ಟೀರಿಯಾಗಳ ಅನುಮಾನ ಬರಬೇಕು. ಮಾಮೂಲಿ ಕಲ್ಚರ್ ಇವನ್ನು ಹಿಡಿಯದೆ ಬಿಡುತ್ತದೆ. ಈ ಬಳಗವನ್ನೇ ಹುಡುಕುವ ಎಎಫ್‌ಬಿ ಕಲ್ಚರ್ ಬೇಕೆಂದು ಬಾಯಿಬಿಟ್ಟು ಕೇಳಿ. ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ಇಂಪ್ಲಾಂಟ್ ತೆಗೆಯುವುದು, ಜೊತೆಗೆ ತಿಂಗಳುಗಟ್ಟಲೆ ಒಂದಕ್ಕಿಂತ ಹೆಚ್ಚು ಆ್ಯಂಟಿಬಯೋಟಿಕ್.