ಕ್ಲಿಕ್ ಲೈಬ್ರರಿ: ಸಬ್‌ಕಮಾಂಡ್‌ಗೆ 10ಕ್ಕೆ 9, ಕಾನ್ಫಿಗ್‌ಗೆ 6

ಫೈಲ್ ಬ್ಯಾಕಪ್‌ಗೆ ಅಂತ 40 ಸಾಲಿನ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಆಮೇಲೆ ಹಳೆಯದನ್ನು ಅಳಿಸೋಕೆ ಒಂದು ಆಪ್ಷನ್ ಬೇಕಾಯಿತು, ಪಟ್ಟಿ ತೋರಿಸೋಕೆ ಇನ್ನೊಂದು, ವಾಪಸ್ ತರೋಕೆ ಮತ್ತೊಂದು, ಹೀಗೆ ಸೇರಿಸುತ್ತಾ ಹೋಗಿ ಕೊನೆಗೆ ಯಾವ ಆಪ್ಷನ್ ಯಾವುದರ ಜೊತೆ ಹೋಗುತ್ತೆ ಅಂತ ನನಗೇ ನೆನಪಿರಲಿಲ್ಲ. ಗಿಟ್ ಥರ ಒಂದೇ ಟೂಲ್‌ನೊಳಗೆ ಒಂದೊಂದು ಕೆಲಸಕ್ಕೂ ಒಂದೊಂದು ಕಮಾಂಡ್, ಅಂದರೆ ಸಬ್‌ಕಮಾಂಡ್ ಬೇಕು ಅನ್ನಿಸಿದ್ದು ಆವಾಗಲೇ.

ಮೊದಲು ಕಮಾಂಡ್ ಲೈನ್ ಆಪ್ಷನ್ ಓದೋ ಆರ್ಗ್‌ಪಾರ್ಸ್ ಮಾಡ್ಯೂಲ್‌ನಲ್ಲೇ ಮಾಡಿದೆ. ಪೈಥಾನ್ ಜೊತೆಗೇ ಬರುತ್ತೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಸಬ್‌ಪಾರ್ಸರ್ ಸೌಲಭ್ಯವೂ ಇದೆ. ಆದರೆ ಕಮಾಂಡ್‌ನ ವಿವರಣೆ ಒಂದು ಕಡೆ, ಕೆಲಸ ಮಾಡೋ ಫಂಕ್ಷನ್ ಇನ್ನೊಂದು ಕಡೆ. ಐದು ಕಮಾಂಡ್ ಆಗೋ ಹೊತ್ತಿಗೆ ಮೇಲೆ ಕೆಳಗೆ ಸ್ಕ್ರೋಲ್ ಮಾಡಿ ಮಾಡಿ ಸುಸ್ತಾಗಿ, ಇದೇ ಕೆಲಸಕ್ಕಿರೋ ಇನ್ನೊಂದು ಪೈಥಾನ್ ಲೈಬ್ರರಿ ಕ್ಲಿಕ್‌ಗೆ ಬಂದೆ.

ಕ್ಲಿಕ್ ಅನ್ನು ಅರ್ಮಿನ್ ರೋನಾಕರ್ ಅವರು 2014ರಲ್ಲಿ ಹೊರತಂದರು. ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್ ಕೂಡ ಅವರದೇ, ಅದರ ಕಮಾಂಡ್‌ಗಳು ಈಗ ಓಡೋದೂ ಕ್ಲಿಕ್ ಮೇಲೇ. ಬಳಸೋದು ಸುಲಭ. ಫಂಕ್ಷನ್ ತಲೆ ಮೇಲೆ ಒಂದು ಡೆಕೊರೇಟರ್ (@ ಇಂದ ಶುರುವಾಗೋ ಸಾಲು) ಹಾಕಿದರೆ ಅದು ಕಮಾಂಡ್. ಗ್ರೂಪ್ ಅಂತ ಹಾಕಿದರೆ ಅದರೊಳಗೆ ಕಮಾಂಡ್‌ಗಳು, ಬೇಕಾದರೆ ಗ್ರೂಪ್ ಒಳಗೆ ಇನ್ನೊಂದು ಗ್ರೂಪ್. ಫಂಕ್ಷನ್ ಒಳಗಿನ ವಿವರಣೆ, ಅಂದರೆ ಡಾಕ್‌ಸ್ಟ್ರಿಂಗ್‌ನಲ್ಲಿ ಬರೆದದ್ದೇ ಹೆಲ್ಪ್ ಆಗುತ್ತೆ. ಆಪ್ಷನ್, ವಿವರಣೆ, ಕೆಲಸ ಮೂರೂ ಒಂದೇ ಜಾಗದಲ್ಲಿ ಇರೋದರಿಂದ ಹೊಸ ಕಮಾಂಡ್ ಬೇಕು ಅಂದರೆ ಹಳೆಯ ಕೋಡ್ ಮುಟ್ಟೋ ಅಗತ್ಯವೇ ಬೀಳಲ್ಲ. ನನ್ನ ಟೂಲ್‌ನಲ್ಲಿ ಈಗ 17 ಕಮಾಂಡ್ ಇವೆ, ಮುಖ್ಯ ಫೈಲ್ ಇನ್ನೂ ಒಂದು ಪರದೆಗೆ ಹಿಡಿಸುತ್ತೆ.

ಪ್ಲಗಿನ್, ಅಂದರೆ ಬೇರೆಯವರು ಹೊರಗಿಂದ ಸೇರಿಸೋ ಕಮಾಂಡ್‌ಗಳ ಕಥೆಯೂ ಚೆನ್ನಾಗಿದೆ, ಅರ್ಧ ಕೆಲಸ ನಮ್ಮದೇ ಆದರೂ. ಬೇರೆ ಪ್ಯಾಕೇಜ್‌ಗಳು ಎಂಟ್ರಿ ಪಾಯಿಂಟ್ (ತನ್ನ ಕೋಡ್ ಎಲ್ಲಿದೆ ಅಂತ ಪ್ಯಾಕೇಜ್ ಬರೆದಿಡೋ ದಾಖಲೆ) ಮೂಲಕ ಹೆಸರು ನೋಂದಾಯಿಸುತ್ತವೆ. ನಮ್ಮ ಟೂಲ್ ಶುರುವಿನಲ್ಲೇ ಅವನ್ನು ಹುಡುಕಿ ಗ್ರೂಪ್‌ಗೆ ಸೇರಿಸಿಕೊಳ್ಳುತ್ತೆ. ಹತ್ತು ಸಾಲಿನ ಕೋಡ್ ಅಷ್ಟೆ. ಒಂದು ಎಚ್ಚರ: ಆ ಲೂಪ್‌ನಲ್ಲಿ ಎಕ್ಸೆಪ್ಷನ್ ಹಿಡಿಯಲೇಬೇಕು. ಇಲ್ಲಾಂದ್ರೆ ಯಾರದ್ದೋ ಒಂದು ಪ್ಲಗಿನ್ ಮುರಿದರೆ ಇಡೀ ಟೂಲ್ ಏಳೋದೇ ಇಲ್ಲ, ಹೆಲ್ಪ್ ಕೂಡ ಬರಲ್ಲ. ಇನ್ನು ಪ್ರತಿ ಕಮಾಂಡ್ ಭಾರದ ಲೈಬ್ರರಿಗಳನ್ನು ಎಳೆದುಕೊಂಡು ಬಂದರೆ ಶುರುವಾಗೋದೇ ನಿಧಾನ ಆಗುತ್ತೆ. ಗ್ರೂಪ್ ಕ್ಲಾಸ್‌ನ ಎರಡು ಮೆಥಡ್ ಬದಲಿಸಿ ಬೇಕಾದ ಕಮಾಂಡ್ ಮಾತ್ರ ಲೋಡ್ ಆಗೋ ಹಾಗೆ ಮಾಡಬಹುದು. ಆದರೆ ಟೂಲ್‌ನ ಮುಖ್ಯ ಹೆಲ್ಪ್ ಕೇಳಿದ ತಕ್ಷಣ ಪ್ರತಿ ಕಮಾಂಡ್‌ನ ಒಂದು ಸಾಲಿನ ವಿವರಣೆ ತೋರಿಸೋಕೆ ಅದು ಎಲ್ಲವನ್ನೂ ಲೋಡ್ ಮಾಡೇ ಮಾಡುತ್ತೆ. ಅಲ್ಲಿಗೆ ಉಳಿತಾಯ ಖಾಲಿ.

ಈಗ ಕಾನ್ಫಿಗ್, ಅಂದರೆ ಟೂಲ್‌ನ ಸೆಟ್ಟಿಂಗ್‌ಗಳು. ಇಲ್ಲೇ ನನಗೆ ತಕರಾರು ಇರೋದು. ಕಾನ್ಫಿಗ್ ಫೈಲ್ ಓದೋ ಕೆಲಸವನ್ನು ಕ್ಲಿಕ್ ಮಾಡಲ್ಲ. ಫೈಲ್ ಎಲ್ಲಿಡಬೇಕು ಅಂತ ಆಪರೇಟಿಂಗ್ ಸಿಸ್ಟಮ್‌ಗೆ ತಕ್ಕ ಫೋಲ್ಡರ್ ಹೇಳುತ್ತೆ, ಅಷ್ಟೆ. ಓದಿ ಡಿಕ್ಷನರಿ ಮಾಡಿ ಡಿಫಾಲ್ಟ್ ಮ್ಯಾಪ್ (ಆಪ್ಷನ್‌ಗಳ ಡಿಫಾಲ್ಟ್ ವ್ಯಾಲ್ಯೂಗಳ ಪಟ್ಟಿ) ಅನ್ನೋದಕ್ಕೆ ನಾವೇ ಕೊಡಬೇಕು. ಪೈಥಾನ್ 3.11ರಿಂದ ಟಾಮ್ಲ್ (TOML) ಅನ್ನೋ ಮಾದರಿಯ ಕಾನ್ಫಿಗ್ ಫೈಲ್ ಓದೋ ಮಾಡ್ಯೂಲ್ ಜೊತೆಗೇ ಬರೋದರಿಂದ ಇದೇನು ದೊಡ್ಡ ಕೆಲಸ ಅಲ್ಲ. ಕಷ್ಟ ಇರೋದು ಬೇರೆ ಕಡೆ. ಕಮಾಂಡ್ ಲೈನ್‌ನಲ್ಲಿ ಆಪ್ಷನ್ ಹೆಸರು ತಪ್ಪಿದರೆ ಕ್ಲಿಕ್ ತಕ್ಷಣ ಗದರುತ್ತೆ, ಹತ್ತಿರದ ಹೆಸರು ಇದ್ದರೆ ಇದಾ ಅಂತ ಕೇಳುತ್ತೆ ಕೂಡ. ಅದೇ ತಪ್ಪನ್ನು ಕಾನ್ಫಿಗ್ ಫೈಲ್‌ನಲ್ಲಿ ಮಾಡಿ ನೋಡಿ, ತುಟಿ ಪಿಟಕ್ಕೆನ್ನಲ್ಲ. ಡ್ರೈ ರನ್ (ನಿಜವಾಗಿ ಏನೂ ಮಾಡದೆ ಏನಾಗುತ್ತೆ ಅಂತ ಮಾತ್ರ ತೋರಿಸೋದು) ಆಪ್ಷನ್ ಅನ್ನು ಫೈಲ್‌ನಲ್ಲೂ ನಡುವೆ ಅಡ್ಡಗೆರೆ ಹಾಕಿ ಬರೆದಿದ್ದೆ, ಒಳಗೆ ಅದರ ಹೆಸರು ಅಂಡರ್‌ಸ್ಕೋರ್‌ನಲ್ಲಿ ಇರುತ್ತೆ. ಸುಮ್ನೆ ಬಿಟ್ಟುಬಿಟ್ಟಿತು. ಡ್ರೈ ರನ್ ಅಂದುಕೊಂಡದ್ದು ನಿಜವಾಗಿಯೇ ಓಡಿತು. ಅಳಿಸೋ ಕಮಾಂಡ್ ಅದು. ಹೋದವು ಹಳೇ ಫೈಲ್‌ಗಳಾಗಿದ್ದಕ್ಕೆ ಬಚಾವ್. ಈಗ ಫೈಲ್ ಓದಿದ ಮೇಲೆ ಗೊತ್ತಿಲ್ಲದ ಹೆಸರು ಇದ್ದರೆ ಅಲ್ಲೇ ನಿಲ್ಲಿಸೋ ಹಾಗೆ ನಾನೇ ಬರೆದುಕೊಂಡಿದ್ದೇನೆ.

ಯಾವ ಕಡೆಯಿಂದ ಬಂದ ವ್ಯಾಲ್ಯೂಗೆ ಜಾಸ್ತಿ ಮರ್ಯಾದೆ ಅನ್ನೋ ಕ್ರಮ ಮಾತ್ರ ಸರಿಯಾಗಿದೆ: ಕಮಾಂಡ್ ಲೈನ್, ಆಮೇಲೆ ಎನ್ವಿರಾನ್ಮೆಂಟ್ ವೇರಿಯಬಲ್ (ಶೆಲ್‌ನಲ್ಲಿ ಇಟ್ಟ ವ್ಯಾಲ್ಯೂ), ಆಮೇಲೆ ಕಾನ್ಫಿಗ್‌ನಿಂದ ಕೊಟ್ಟ ಮ್ಯಾಪ್, ಕೊನೆಗೆ ಕೋಡ್‌ನಲ್ಲಿರೋ ಡಿಫಾಲ್ಟ್. ಈ ಕ್ರಮ ಗೊತ್ತಿದ್ದೂ ಒಂದು ವಾರ ಒದ್ದಾಡಿದ್ದೇನೆ. ಯಾವತ್ತೋ ಪರೀಕ್ಷೆಗೆ ಅಂತ ಶೆಲ್ ಪ್ರೊಫೈಲ್‌ನಲ್ಲಿ ಒಂದು ವೇರಿಯಬಲ್ ಹಾಕಿ ಮರೆತಿದ್ದೆ. ಫೈಲ್‌ನಲ್ಲಿ ಏನೇ ಬದಲಿಸಿದರೂ ಬ್ಯಾಕಪ್ ಹೋಗ್ತಾ ಇದ್ದಿದ್ದು ಆ ಪರೀಕ್ಷೆಯ ಫೋಲ್ಡರ್‌ಗೇ! ತಪ್ಪು ಪೂರ್ತಿ ನನ್ನದು. ಆದರೆ 2021ರಲ್ಲಿ ಬಂದ ಕ್ಲಿಕ್ 8.0ರಿಂದ ಒಂದೊಂದು ವ್ಯಾಲ್ಯೂ ಎಲ್ಲಿಂದ ಬಂತು ಅಂತ ಕೇಳೋ ದಾರಿ ಇದೆ, ಕಮಾಂಡ್ ಓಡುವಾಗ ಕ್ಲಿಕ್ ಇಟ್ಟುಕೊಳ್ಳೋ ಕಾಂಟೆಕ್ಸ್ಟ್‌ನಲ್ಲೇ ಸಿಗುತ್ತೆ. ಅದನ್ನು ಬಳಸಿ ಎಲ್ಲಾ ವ್ಯಾಲ್ಯೂ ಮತ್ತು ಅದರ ಮೂಲ ತೋರಿಸೋ ಒಂದು ಸಬ್‌ಕಮಾಂಡ್ ಮಾಡಿಟ್ಟೆ. ನೀವು ಕಾನ್ಫಿಗ್ ಇರೋ ಟೂಲ್ ಬರೀತಾ ಇದ್ದರೆ ಇದನ್ನು ಮೊದಲ ದಿನವೇ ಮಾಡಿಕೊಳ್ಳಿ.

ಟೆಸ್ಟ್ ಬರೆಯೋಕೆ ಇರೋ ರನ್ನರ್ ಬಗ್ಗೆ ದೂರಿಲ್ಲ. ಕಮಾಂಡ್ ಓಡಿಸಿ ಔಟ್‌ಪುಟ್, ಎಕ್ಸಿಟ್ ಕೋಡ್ ಕೈಗೆ ಕೊಡುತ್ತೆ. ಟೈಪ್ ಹಿಂಟ್ (ಯಾವ ಬಗೆಯ ಡೇಟಾ ಅಂತ ಕೋಡ್‌ನಲ್ಲೇ ಬರೆಯೋದು) ಇಷ್ಟ ಇರೋರು ಟೈಪರ್ ಅನ್ನೋ ಲೈಬ್ರರಿ ನೋಡಿ. ನಾನು ಎರಡು ಕಮಾಂಡ್ ಬದಲಿಸಿ ನೋಡಿ ವಾಪಸ್ ಬಂದೆ, ಕಾರಣ ಬರೀ ಸೋಮಾರಿತನ.

ಅಭ್ಯಾಸ ಆಗದೇ ಇರೋದು ಒಂದೇ. ಗ್ರೂಪ್‌ಗೆ ಸೇರಿದ ಆಪ್ಷನ್ ಸಬ್‌ಕಮಾಂಡ್ ಹೆಸರಿನ ಮುಂಚೆಯೇ ಬರಬೇಕು. ವರ್ಬೋಸ್ (ಹೆಚ್ಚು ವಿವರ ತೋರಿಸೋ ಆಪ್ಷನ್) ಅನ್ನೋದನ್ನು ಗ್ರೂಪ್‌ಗೆ ಹಾಕಿದರೆ, ಸಾಲಿನ ಕೊನೆಗೆ ಸೇರಿಸಿದಾಗ ಅಂಥ ಆಪ್ಷನ್ ಇಲ್ಲ ಅನ್ನುತ್ತೆ. ಎರಡೂ ಕಡೆ ಒಪ್ಪಬೇಕು ಅಂದರೆ ಪ್ರತಿ ಕಮಾಂಡ್‌ಗೂ ಅದೇ ಆಪ್ಷನ್ ಅಂಟಿಸಬೇಕು. ನಾನು ಅಂಟಿಸಿಲ್ಲ. ನಾನೇ ಬರೆದ ಟೂಲ್, ಇವತ್ತು ಬೆಳಗ್ಗೆ ಕೂಡ ಅದನ್ನು ಕೊನೆಯಲ್ಲೇ ಟೈಪ್ ಮಾಡಿ ಬೈಸಿಕೊಂಡೆ.